ಐದು ಸಾವಿರದ ಸಾಲವೂ ಸಾಲವೇ

ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ಹಿರಿಯರಿಗೆ ನೆನಪಿರಬೇಕು. ತಿಂಗಳ ಮೊದಲ ವಾರ ಬಾಕಿ ತೀರಿಸಿದವರಿಗೆ ಅಂಗಡಿಯವರು ಮರುಮಾತಿಲ್ಲದೆ ಸಾಮಾನು ಕಟ್ಟಿಕೊಡುತ್ತಿದ್ದರು. ತಪ್ಪಿಸಿದವರಿಗೆ ‘ಹಳೆಯದು ಕೊಟ್ಟು ಹೊಸದು ಒಯ್ಯಿರಿ’ ಎಂಬ ಉತ್ತರ ಕಾದಿರುತ್ತಿತ್ತು. ಆದರೆ ಆ ಪುಸ್ತಕ ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ. ಇಂದಿನ ಪುಸ್ತಕ ಹಾಗಲ್ಲ. ನೀವು ಸಾಲಕ್ಕೆ ಅರ್ಜಿ ಹಾಕಿದರೆ ದೇಶದ ಯಾವ ಬ್ಯಾಂಕಾದರೂ ಅದನ್ನು ತೆರೆದು ನೋಡುತ್ತದೆ.

ನಮ್ಮಲ್ಲಿ ಈ ಪುಸ್ತಕ ಇಡುವ ಸಂಸ್ಥೆಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ತಾವು ಕೊಟ್ಟ ಸಾಲದ ವಿವರವನ್ನು ಇವುಗಳಿಗೆ ಒಪ್ಪಿಸಬೇಕು. ಅದನ್ನು ನೋಡಿ ನಮಗೆ 300ರಿಂದ 900ರೊಳಗೆ ಅಂಕ ಬೀಳುತ್ತದೆ.

ಈಗ ಕಾಲೇಜು ಹುಡುಗನೊಬ್ಬ ಮೊಬೈಲಿನ ಆ್ಯಪ್ ಮೂಲಕ 5,000 ರೂಪಾಯಿ ಸಾಲ ಪಡೆದನೆನ್ನಿ. ಶುಲ್ಕವೆಂದು 500 ಮುರಿದುಕೊಂಡು ಕೈಗೆ ಬಂದದ್ದು 4,500. ಮೂವತ್ತು ದಿನಕ್ಕೆ ಬಡ್ಡಿ 150 ಸೇರಿಸಿ 5,150 ಕಟ್ಟಬೇಕು. ‘ಬಡ್ಡಿ ಬರೀ ಶೇಕಡಾ ಮೂರು’ ಎಂದು ಅವನು ಸಮಾಧಾನಪಟ್ಟುಕೊಳ್ಳುತ್ತಾನೆ. ನಿಜವಾಗಿ ನೋಡಿದರೆ 4,500ಕ್ಕೆ 650 ತೆತ್ತ ಹಾಗಾಯಿತು. ವರ್ಷದ ಲೆಕ್ಕದಲ್ಲಿ ಇದು ಸುಮಾರು ಶೇಕಡಾ 173!

ಹಣ ಹೋದರೆ ಮತ್ತೆ ಗಳಿಸಬಹುದು. ಗಡುವು ತಪ್ಪಿದರೆ ಮಾತ್ರ ತೊಂದರೆ ಬೇರೆಯದೇ. ಅವಧಿ ಎಷ್ಟೇ ಚಿಕ್ಕದಿರಲಿ, ಆ್ಯಪ್ ಮೂಲಕ ಕೊಟ್ಟ ಸಾಲದ ವಿವರವನ್ನು ಈ ಸಂಸ್ಥೆಗಳಿಗೆ ತಿಳಿಸಲೇಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಎಷ್ಟು ದಿನ ತಡವಾಯಿತೆಂಬುದೂ ಅಲ್ಲಿ ದಾಖಲಾಗುತ್ತದೆ. ಸಾಲ ಸಣ್ಣದೆಂಬ ಕಾರಣಕ್ಕೆ ಆ ಗುರುತು ಅಳಿಸಿಹೋಗುವುದಿಲ್ಲ. ಗಾಬರಿಯಾಗಿ ಒಂದೇ ವಾರದಲ್ಲಿ ನಾಲ್ಕಾರು ಕಡೆ ಅರ್ಜಿ ಹಾಕಿದರೆ ಆ ವಿಚಾರಣೆಗಳೂ ದಾಖಲಾಗಿ, ಇವನು ಹಣಕ್ಕೆ ಪರದಾಡುತ್ತಿದ್ದಾನೆ ಎಂದು ಸಾರುತ್ತವೆ.

ಇನ್ನೊಂದು ಮಾತು. ‘ಅರ್ಧ ಕಟ್ಟಿ, ಲೆಕ್ಕ ಮುಗಿಸೋಣ’ ಎಂದು ವಸೂಲಿಯವರು ಕರೆದರೆ ಹಿಗ್ಗಬೇಡಿ. ದಾಖಲೆಯಲ್ಲಿ ಅದು ಪೂರ್ತಿ ತೀರಿದ ಸಾಲವೆಂದಲ್ಲ, ‘ಸೆಟಲ್ಡ್’ ಎಂದು ಉಳಿಯುತ್ತದೆ. ಸಾಧ್ಯವಾದರೆ ಪೂರ್ತಿ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ.

ಇದೆಲ್ಲ ವಿದ್ಯಾರ್ಥಿಗೇಕೆ ಎನ್ನುವಿರಾ? ಸ್ಟೇಟ್ ಬ್ಯಾಂಕಿನ ನೇಮಕಾತಿ ಪ್ರಕಟಣೆಗಳನ್ನು ಓದಿ ನೋಡಿ. ಸಾಲ ಬಾಕಿ ಉಳಿಸಿಕೊಂಡವರು, ಸಿಬಿಲ್ ವರದಿ ಕೆಟ್ಟವರು ಅರ್ಹರಲ್ಲ ಎಂಬ ಷರತ್ತು ಅಲ್ಲಿ ಬಂದಿದೆ. ರಾತ್ರಿಯೆಲ್ಲ ಓದಿ ಪರೀಕ್ಷೆ ಗೆದ್ದವನು ಒಂದು ಹಳೆಯ ಬಾಕಿಗಾಗಿ ಬಾಗಿಲಲ್ಲೇ ನಿಲ್ಲಬೇಕಾದೀತು. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ತಂದೆಯೋ ತಾಯಿಯೋ ಜೊತೆ ಸಾಲಗಾರರು. ಆದ್ದರಿಂದ ಅಪ್ಪನ ಪ್ಯಾನ್ ಸಂಖ್ಯೆ, ಒಟಿಪಿ ಬಳಸಿ ಗುಟ್ಟಾಗಿ ಸಾಲ ತೆಗೆದರೆ ಕೆಡುವುದು ಅಪ್ಪನ ದಾಖಲೆ. ನಾಳೆ ತಂಗಿಯ ಓದಿಗೆ ಸಾಲ ಕೇಳಲು ಹೋದಾಗ ಅದು ಅಡ್ಡ ಬಂದೀತು.

ಹಾಗೆಂದು ಸಾಲವೇ ಪಾಪವಲ್ಲ. ಗಡುವಿಗೆ ಸರಿಯಾಗಿ ತೀರಿಸಿದ್ದೂ ಅದೇ ಪುಸ್ತಕದಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ. ತೆಗೆಯಲೇಬೇಕಾದರೆ ಆ ಆ್ಯಪ್ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ 2025ರ ಜುಲೈನಲ್ಲಿ ಬಂದ ಪಟ್ಟಿಯಲ್ಲಿದೆಯೇ ನೋಡಿ. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಎಷ್ಟೆಂದು ಕೇಳಿ. ಅದನ್ನು ಮೊದಲೇ ತಿಳಿಸುವುದು ಅವರ ಕರ್ತವ್ಯ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡುತ್ತವೆ. ತಪ್ಪಿದ್ದರೆ ದೂರು ಕೊಡಿ. ಮೂವತ್ತು ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಕ್ಕೆ ನೀವು ಹಕ್ಕುದಾರರು.

ತಂದೆ ತಾಯಿಯರಲ್ಲಿ ಒಂದು ವಿನಂತಿ. ಮಗ ಬಂದು ‘ಸಾಲ ಮಾಡಿದೆ’ ಎಂದರೆ ಆ ಕ್ಷಣ ಬೈಯಬೇಡಿ. ಬೈಗುಳಕ್ಕೆ ಹೆದರಿದ ಹುಡುಗನೇ ಮೊದಲ ಸಾಲ ತೀರಿಸಲು ಎರಡನೆಯದನ್ನು ತೆಗೆಯುವುದು. ಮೊದಲು ಗಡುವಿನೊಳಗೆ ಬಾಕಿ ತೀರಿಸಿ. ಬುದ್ಧಿಮಾತು ಆಮೇಲೆ ಹೇಳಿದರಾಯಿತು.