ನಿಂತುಹೋದ ಆಟದ ರೈಲು

ನಮ್ಮ ಕರಾವಳಿಯ ಮಕ್ಕಳಿಗೆ ರೈಲುಬಂಡಿಯು ಬಹುಕಾಲ ಪುಸ್ತಕದೊಳಗಿನ ಚಿತ್ರವಾಗಿಯೇ ಇದ್ದಿತು. ಕೊಂಕಣ ರೈಲುಮಾರ್ಗದ ಉದ್ದಕ್ಕೂ ಬಂಡಿಗಳು ಓಡತೊಡಗಿದ್ದು ೧೯೯೮ನೆಯ ಇಸವಿಯ ಜನವರಿ ೨೬ರಿಂದ. ಅಂದಿನಿಂದ ಭಟ್ಕಳ, ಹೊನ್ನಾವರ, ಕುಮಟೆಗಳ ಮಕ್ಕಳು ಶರಾವತಿಯ ಮೇಲಣ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆಯನ್ನು ಇಂಜಿನು ದಾಟಿ ಹೋಗುವುದನ್ನು ಕಣ್ಣಾರೆ ಕಾಣುತ್ತಿದ್ದಾರೆ. ಅಂತಹುದೇ ಒಂದು ಬಂಡಿಯು ತಮ್ಮ ಜಗಲಿಯ ಮೇಲೆಯೂ ಓಡಬೇಕೆಂದು ಹಂಬಲಿಸುತ್ತಾರೆ. ಈ ಹಂಬಲವನ್ನು ಕೆಲವರಿಗೆ ತೇರಿನ ಪೇಟೆಯು ತೀರಿಸುವುದು. ಕೆಲವರಿಗೆ ಮುಂಬಯಿಯ ನೆಂಟರು ತೀರಿಸುವರು. ಭಟ್ಕಳದ ಕಡೆಯ ಅನೇಕ ಮನೆಗಳಲ್ಲಿ ಕೊಲ್ಲಿಯ ದೇಶಗಳಲ್ಲಿ ದುಡಿಯುವ ತಂದೆಯರು ಪೆಟ್ಟಿಗೆಯೊಳಗೆ ತಂದು ತೀರಿಸುವರು.

ಹೀಗೆ ಬಂದ ಬಂಡಿಯು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಿಂತುಹೋಗುವುದನ್ನು ನಾವು ಬಹಳ ಕಡೆ ಕಂಡಿದ್ದೇವೆ. ಹಿರಿಯರ ಕಣ್ಣಿಗೆ ಅದು ಕೆಟ್ಟುಹೋದ ಒಂದು ಆಟಿಕೆ, ಅಷ್ಟೆ. ಮಗುವಿಗಾದರೋ ಅದು ಹಾಗಲ್ಲ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ತಂದೆಯು ತಾನೇ ನೆಲದ ಮೇಲೆ ಕುಳಿತು, ಹಳಿ ಜೋಡಿಸಿ, ಓಡಿಸಿ ತೋರಿಸಿ ಹೋದ ಬಂಡಿಯದು. “ಇರಲಿ ಬಿಡು, ಇನ್ನೊಂದು ತರಿಸೋಣ” ಎಂದರೆ ಅಳು ನಿಲ್ಲಬಹುದು, ಕೊರತೆಯು ತುಂಬುವುದಿಲ್ಲ. ಆದುದರಿಂದ ಈ ತಿಂಗಳು, ಅಂತಹ ಬಂಡಿಯನ್ನು ಮನೆಯಲ್ಲಿಯೇ ಸರಿಪಡಿಸುವ ಬಗೆಯನ್ನೂ, ಮುರಿದ ಭಾಗಕ್ಕೆ ಬದಲು ಭಾಗವನ್ನು ನಮ್ಮ ಊರುಗಳಲ್ಲಿ ಹುಡುಕುವ ಬಗೆಯನ್ನೂ ಕುರಿತು ನಾಲ್ಕು ಮಾತು ಬರೆಯುತ್ತೇವೆ.

ಮೊದಲು ತಿಳಿಯತಕ್ಕದ್ದೇನೆಂದರೆ, ನಿಂತ ಬಂಡಿಗಳೆಲ್ಲ ಮುರಿದ ಬಂಡಿಗಳಲ್ಲ. ನಮ್ಮ ಉಪ್ಪುಗಾಳಿಯೂ ಆಷಾಢದ ತೇವವೂ ಲೋಹದ ಮೇಲೆ ಮಾಡುವ ಕೆಲಸವೇ ಅರ್ಧ ರೋಗಕ್ಕೆ ಕಾರಣವಾಗಿದೆ. ಬ್ಯಾಟರಿಯ ಬಂಡಿಯಾದರೆ ಮೊದಲು ಸೆಲ್ಲುಗಳನ್ನು ತೆಗೆದು ಅವು ಕೂಡುವ ತಗಡುಗಳನ್ನು ನೋಡಬೇಕು. ಬಿಳಿಯ ಪುಡಿಯು ಕಂಡುಬಂದರೆ ಸೆಲ್ಲು ಸೋರಿದೆಯೆಂದು ತಿಳಿಯಬೇಕು. ಅದು ಚರ್ಮವನ್ನು ಸುಡುವ ಕ್ಷಾರವಾದುದರಿಂದ ಮಕ್ಕಳ ಕೈಗೆ ಕೊಡಬಾರದು. ಕಡ್ಡಿಗೆ ಸುತ್ತಿದ ಹತ್ತಿಯನ್ನು ವಿನೆಗರಿನಲ್ಲಾಗಲಿ ಲಿಂಬೆಯ ರಸದಲ್ಲಾಗಲಿ ಅದ್ದಿ ಒರೆಸಿ, ಬಳಿಕ ಒದ್ದೆಯ ಬಟ್ಟೆಯಿಂದ ತೊಡೆದು, ಚೆನ್ನಾಗಿ ಒಣಗಿಸಬೇಕು. ತುಕ್ಕು ಉಳಿದಿದ್ದರೆ ನವಿರಾದ ಉಪ್ಪುಕಾಗದದಿಂದ ಎರಡು ಸಲ ಉಜ್ಜಿದರೆ ಸಾಕು. ಮನೆಯ ವಿದ್ಯುತ್ತನ್ನು ತಗ್ಗಿಸಿ ಹಳಿಯ ಮೂಲಕ ಪಡೆದು ಓಡುವ ದೊಡ್ಡ ಬಗೆಯ ಬಂಡಿಯಾದರೆ ಹಳಿಗಳನ್ನೂ ಚಕ್ರಗಳ ಅಂಚನ್ನೂ ಸ್ಪಿರಿಟಿನಿಂದ ಒರೆಸಬೇಕು. ಹಳಿಗೆ ಉಪ್ಪುಕಾಗದವನ್ನು ಮುಟ್ಟಿಸಲಾಗದು. ಅದರ ಗೀರುಗಳಲ್ಲಿ ಕೊಳೆಯು ಮತ್ತಷ್ಟು ಬೇಗನೆ ಕೂಡುವುದು.

ಇಷ್ಟಾದ ಮೇಲೂ ಓಡದಿದ್ದರೆ ಅಡಿಯ ತಿರುಪುಗಳನ್ನು ಬಿಚ್ಚಿ ಒಳಗೆ ನೋಡಬೇಕು. ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ತಟ್ಟೆಯಲ್ಲಿ ಇಡುವುದು ಒಳ್ಳೆಯದು. ಬ್ಯಾಟರಿಯ ಬಂಡಿಯಲ್ಲಿ ಹೊಸ ಸೆಲ್ಲೊಂದರ ಎರಡು ತುದಿಗಳನ್ನು ತಂತಿಯಿಂದ ನೇರವಾಗಿ ಮೋಟಾರಿನ ಎರಡು ಕಿವಿಗಳಿಗೆ ತಾಗಿಸಿರಿ. ಮೋಟಾರು ತಿರುಗಿದರೆ ದೋಷವು ತಂತಿಯಲ್ಲಿ ಅಥವಾ ಗುಂಡಿಯಲ್ಲಿದೆ. ತಿರುಗದಿದ್ದರೆ ಅದರ ಅಚ್ಚನ್ನು ಬೆರಳಿನಿಂದ ಹೊರಳಿಸಿ ನೋಡಿರಿ. ತಲೆಗೂದಲೂ ಚಾಪೆಯ ಎಳೆಯೂ ಅಲ್ಲಿ ಸುತ್ತಿಕೊಂಡಿರುವುದು ಅಪರೂಪವಲ್ಲ. ಮೋಟಾರು ಗುಂಯ್‌ಗುಡುತ್ತಿದ್ದು ಚಕ್ರವು ಮಾತ್ರ ತಿರುಗದಿದ್ದರೆ ಪ್ಲಾಸ್ಟಿಕ್ಕಿನ ಹಲ್ಲುಗಾಲಿಯೊಂದು ಬಿರುಕು ಬಿಟ್ಟಿದೆಯೆಂದು ಬಹುಮಟ್ಟಿಗೆ ಹೇಳಬಹುದು.

ಇಲ್ಲಿ ಎಣ್ಣೆಯ ಮಾತನ್ನೂ ಹೇಳಬೇಕಾಗಿದೆ. ನಮ್ಮ ಸೀಮೆಯಲ್ಲಿ ಕೀರಲುವ ಬಾಗಿಲಿಗೂ ತಲೆಗೂ ತೆಂಗಿನೆಣ್ಣೆಯೇ ಮದ್ದು. ಆದರೆ ಅದು ಸುಮಾರು ೨೪ ಅಂಶ ಸೆಲ್ಸಿಯಸ್ ಉಷ್ಣಕ್ಕಿಂತ ಕೆಳಗೆ ಹೆಪ್ಪುಗಟ್ಟುವುದು. ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿಯುವುದು. ಪುಷ್ಯದ ಮುಂಜಾನೆ ಬಂಡಿಯು ಹೊರಡಲಾರದೆ ನಿಂತರೆ ಆಶ್ಚರ್ಯವಿಲ್ಲ. ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಎತ್ತಿ ಅಚ್ಚಿನ ತುದಿಗೆ ಒಂದೇ ಹನಿ ಇಡಬೇಕು. ಹೆಚ್ಚಾದ ಎಣ್ಣೆಯು ಮೋಟಾರಿನೊಳಗೆ ಹರಿದು ಅದನ್ನೇ ಕೆಡಿಸುವುದು.

ಇನ್ನು ಬದಲು ಭಾಗಗಳ ವಿಚಾರ. ಇವುಗಳನ್ನೇ ಮಾರುವ ಅಂಗಡಿಯನ್ನು ಈ ಮೂರು ಊರುಗಳಲ್ಲಿ ನಾವು ಕಂಡಿಲ್ಲ. ಹಾಗೆಂದು ನಿರಾಶರಾಗಬೇಕಾಗಿಲ್ಲ. ಬೇಕಾದುದನ್ನು ಸರಿಯಾಗಿ ಅಳೆದು ಹೇಳಬಲ್ಲವನಿಗೆ ಅರ್ಧ ಭಾಗವು ದೊರೆತಂತೆಯೇ. ಹಲ್ಲುಗಾಲಿಯ ಹಲ್ಲುಗಳನ್ನು ಎಣಿಸಿ ಅದಕ್ಕೆ ಎರಡನ್ನು ಕೂಡಿಸಿರಿ. ಗಾಲಿಯ ಹೊರ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ಅಳೆದು ಆ ಮೊತ್ತದಿಂದ ಭಾಗಿಸಿರಿ. ೧೮ ಹಲ್ಲು, ೧೦ ಮಿಲಿಮೀಟರು ಆದರೆ ೨೦ರಿಂದ ಭಾಗಿಸಲು ಅರ್ಧವು ಬರುವುದು. ಇದಕ್ಕೆ ಮಾಡ್ಯೂಲ್ ಎಂದು ಹೆಸರು. ಈ ಸಂಖ್ಯೆ, ಹಲ್ಲಿನ ಲೆಕ್ಕ, ನಡುವಿನ ತೂತಿನ ಅಳತೆ, ಈ ಮೂರನ್ನು ಬರೆದು ಅಂಚೆಯ ಮೂಲಕ ಭಾಗವನ್ನು ತರಿಸಬಹುದು. ಮೋಟಾರಿನ ವಿಷಯದಲ್ಲಿಯೂ ಹೀಗೆಯೇ. ಸಾಮಾನ್ಯ ಆಟಿಕೆಗಳಲ್ಲಿ ೧೩೦ ಎಂಬ ಅಳತೆಯ, ಎರಡು ಮಿಲಿಮೀಟರು ಅಚ್ಚಿನ ಮೋಟಾರೇ ಹೆಚ್ಚು. ಮೂರು ವೋಲ್ಟಿನದಕ್ಕೆ ಬದಲಾಗಿ ಹನ್ನೆರಡು ವೋಲ್ಟಿನದನ್ನು ತಂದರೆ ಬಂಡಿಯು ತೆವಳುವುದೂ ಇಲ್ಲ. ಹಳಿಯ ವಿದ್ಯುತ್ತಿನ ಬಂಡಿಗಳಲ್ಲಿ ಎಚ್‌ಓ ಎಂಬುದು ನಿಜದ ೮೭ನೆಯ ಒಂದು ಪಾಲು, ಓಓ ಎಂಬುದು ೭೬ನೆಯ ಒಂದು ಪಾಲು. ಎರಡರ ಹಳಿಯ ಅಂತರವೂ ೧೬.೫ ಮಿಲಿಮೀಟರೇ ಆದುದರಿಂದ ಎರಡೂ ಒಂದೇ ಎಂದು ಭ್ರಮಿಸಿ ಮೇಲ್ಕವಚವನ್ನು ತರಿಸಬಾರದು.

ಅಂಚೆಗೆ ಮೊದಲು ನೆರೆಯನ್ನು ನೋಡಿರಿ. ಗಡಿಯಾರ ದುರಸ್ತಿಯವನ ಡಬ್ಬಿಯಲ್ಲಿ ಸಾಸಿವೆಯಷ್ಟು ಸಣ್ಣ ತಿರುಪುಗಳಿರುವುವು. ಗಡಿಯಾರದ ಬೆನ್ನ ಮುಚ್ಚಳದ ಕೆಳಗಿಡುವ ರಬ್ಬರಿನ ಬಳೆಯು, ಬಂಡಿಯ ಚಕ್ರದ ಸವೆದ ರಬ್ಬರಿಗೆ ಅನೇಕ ವೇಳೆ ಸರಿಹೊಂದುವುದು. ಮುರಿದ ಹಿತ್ತಾಳೆಯ ಕೊಂಡಿಯನ್ನು ಅಕ್ಕಸಾಲಿಗನು ಬೆಸೆಯಬಲ್ಲನು. ಕಿತ್ತುಹೋದ ತಂತಿಯು ಮೊಬೈಲ್ ದುರಸ್ತಿಯವನಿಗೆ ಕ್ಷಣದ ಕೆಲಸ. ಕುಮಟೆ, ಹೊನ್ನಾವರಗಳ ಕಡೆ ಗಂಧದ ಕೊರಡಿನಲ್ಲಿ ದೇವರನ್ನು ಕಡೆದ ಗುಡಿಗಾರರ ಕೈಗೆ ಕಳೆದುಹೋದ ಹೊಗೆಗೊಳವೆಯೊಂದನ್ನು ಮರದಲ್ಲಿ ಕಡೆಯುವುದು ಯಾವ ದೊಡ್ಡ ಮಾತು? ಪೂರ್ಣ ಕೆಟ್ಟ ಬಂಡಿಯನ್ನೂ ಎಸೆಯಲಾಗದು. ಒಂದರ ಗಾಲಿಯು ಮತ್ತೊಂದಕ್ಕೆ ಜೀವವಾಗುವುದು.

ಕೆಲವು ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ ಚಾವಿಯ ಬಂಡಿಯಿರಬಹುದು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರ ಸಂಸ್ಥೆಯು ೧೯೨೦ರಿಂದ ಇಂತಹವನ್ನು ಮಾಡತೊಡಗಿತು. ಎರಡನೆಯ ಮಹಾಯುದ್ಧಕ್ಕೆ ಹಿಂದಿನ ಬಂಡಿಗಳ ಕೆಲವು ಎರಕದ ಚಕ್ರಗಳು ತಾವಾಗಿ ಉಬ್ಬಿ, ಬಿರಿದು, ಪುಡಿಯಾಗುವುದುಂಟು. ಸತುವಿನ ಎರಕದಲ್ಲಿ ಬೆರೆತ ಸೀಸವು ಇದಕ್ಕೆ ಕಾರಣ. ತೇವವು ಅದನ್ನು ಬೆಳೆಸುವುದು. ಈ ರೋಗಕ್ಕೆ ಮದ್ದಿಲ್ಲ. ಅಂಟು ಹಚ್ಚುವುದರಿಂದ ಪ್ರಯೋಜನವಿಲ್ಲ, ಬೇರೆ ಚಕ್ರವನ್ನೇ ಹಾಕಬೇಕು. ಹಳೆಯ ಬಣ್ಣವನ್ನಂತೂ ಕೆರೆಯದಿರುವುದು ಲೇಸು. ಸುತ್ತಿದ ಸ್ಪ್ರಿಂಗನ್ನು ಪೂರ್ತಿ ಇಳಿಸದೆ ಬಿಚ್ಚಿದರೆ ಅದು ಹಾರಿ ಕಣ್ಣಿಗೆ ತಗಲೀತು.

ಮನೆಯ ವಿದ್ಯುತ್ತಿಗೆ ಹಚ್ಚುವ ಪೆಟ್ಟಿಗೆಯನ್ನು ಮಾತ್ರ ಮನೆಯವರು ಬಿಚ್ಚಲೇಕೂಡದು, ಬಲ್ಲವರಿಂದಲೇ ನೋಡಿಸಬೇಕು. ಅಮೇರಿಕೆಯಿಂದ ಬಂದ ಪೆಟ್ಟಿಗೆಯ ಮೇಲೆ ೧೨೦ ವೋಲ್ಟೆಂದು ಮಾತ್ರ ಬರೆದಿದ್ದರೆ ನಮ್ಮ ೨೩೦ ವೋಲ್ಟಿಗೆ ಹಚ್ಚಿದ ಕೂಡಲೆ ಅದು ಸುಡುವುದು.

ಕಡೆಯದಾಗಿ ತಾಯಂದಿರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ದುರಸ್ತಿಯನ್ನು ಮಗು ಮಲಗಿದ ಮೇಲೆ ಮಾಡಬೇಡಿರಿ. ಬಳಿಯಲ್ಲಿ ಕೂರಿಸಿಕೊಂಡು ತಿರುಪುಗಳ ತಟ್ಟೆಯನ್ನು ಅದರ ಕೈಗೆ ಕೊಡಿರಿ. ಬಂಡಿಯು ಒಂದು ವೇಳೆ ಓಡದೆಯೇ ಹೋದರೂ ಅದರ ಹೊಟ್ಟೆಯೊಳಗೆ ಏನಿದೆ, ಏಕೆ ನಿಂತಿತು ಎಂಬುದನ್ನು ಮಗುವು ಕಂಡಿರುವುದು. ಮುಂದಿನ ಸಲ ತಂದೆಯೊಡನೆ ಫೋನಿನಲ್ಲಿ ಮಾತಾಡುವಾಗ ಹೇಳಿಕೊಳ್ಳಲು ಅದಕ್ಕೊಂದು ಸಮಾಚಾರವೂ ಇರುವುದು. ಮೃಗಶಿರಾ ಮಳೆ ಹಿಡಿಯುವ ಮೊದಲು ಸೆಲ್ಲುಗಳನ್ನು ತೆಗೆದು, ಬಂಡಿಯನ್ನು ಒಣಬಟ್ಟೆಯಿಂದ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಪೊಟ್ಟಣದೊಡನೆ ಇಡುವುದನ್ನು ಮರೆಯದಿರಿ.