ಯಂತ್ರ ಟಾಕೀಸಿನದು, ಬೀಗದ ಕೈ ಯಾರದು?

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ ಹಳೆಯ ಮೋಟಾರುಗಳ ಬಿಡಿಭಾಗ ಮಾರುವ ಗಲ್ಲಿಗಳನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅಲ್ಲಿ ಚೌಕಾಸಿ ಮಾಡಿ ಒಂದು ಹಳೆಯ ಗೇರ್ ಬಾಕ್ಸು ಕೊಂಡು ತಂದವನು ಅದನ್ನು ತನ್ನ ಗಾಡಿಗೆ ಜೋಡಿಸಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಹಣ ತೆತ್ತವನೇ ಒಡೆಯ. ಆದರೆ ಹಲಸೂರಿನಲ್ಲೋ ಕೃಷ್ಣರಾಜಪುರದಲ್ಲೋ ಸಣ್ಣ ಟಾಕೀಸು ನಡೆಸುವವನೊಬ್ಬ ಸಾಲ ಮಾಡಿ ಹಳೆಯ ಡಿಜಿಟಲ್ ಪ್ರೊಜೆಕ್ಟರು ಕೊಂಡರೆ, ಅವನು ಕೊಂಡದ್ದಾದರೂ ಏನು? ನಮ್ಮ ಜಿಲ್ಲೆಯ ಟಾಕೀಸಿನವರೂ ಇಂಥ ಯಂತ್ರ ಹುಡುಕಿಕೊಂಡು ಬೆಂಗಳೂರಿಗೆ ಓಡಾಡುತ್ತಿರುವುದರಿಂದ ಈ ಪ್ರಶ್ನೆಯನ್ನು ಇಲ್ಲಿ ಎತ್ತಿದ್ದೇವೆ.

ರೀಲಿನ ಕಾಲವನ್ನು ನೆನೆಯಿರಿ. 35 ಮಿಲಿಮೀಟರಿನ ಫಿಲ್ಮು, ಸೆಕೆಂಡಿಗೆ 24 ಚಿತ್ರ, ಅಂಚಿನಲ್ಲಿ ಒಂದೇ ಅಳತೆಯ ತೂತುಗಳು. ಮದರಾಸಿನಲ್ಲಿ ತೊಳೆದ ಪ್ರಿಂಟು ಅಮೆರಿಕದ ಯಂತ್ರದಲ್ಲೂ ಓಡುತ್ತಿತ್ತು, ನಮ್ಮ ದೇಶದ ಫೋಟೋಫೋನ್ ಯಂತ್ರದಲ್ಲೂ ಓಡುತ್ತಿತ್ತು. ಪಟ್ಟಣದ ದೊಡ್ಡ ಚಿತ್ರಮಂದಿರ ಹೊಸ ಯಂತ್ರ ತಂದಾಗ ಹಳೆಯದು ಟೂರಿಂಗ್ ಟಾಕೀಸಿಗೆ ಹೋಗಿ ಇನ್ನಷ್ಟು ವರ್ಷ ಬಾಳುತ್ತಿತ್ತು. ಹಲ್ಲುಚಕ್ರ ಸವೆದರೆ ಲೇತಿನ ಕೆಲಸಗಾರ ಹೊಸದನ್ನು ಕಡೆದುಕೊಡುತ್ತಿದ್ದ. ಆ ಯಂತ್ರಕ್ಕೆ ಬೀಗವಿರಲಿಲ್ಲ.

ಈಗಿನ ಕಥೆ ಬೇರೆ. 2002ರಲ್ಲಿ ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ಒಂದು ಕೂಟ ಕಟ್ಟಿಕೊಂಡು, 2005ರಲ್ಲಿ ಡಿಜಿಟಲ್ ಪ್ರದರ್ಶನಕ್ಕೆ ನಿಯಮಾವಳಿ ಬರೆದವು. ಆ ನಿಯಮದಂತೆ ಚಿತ್ರವು ಬೀಗ ಹಾಕಿದ ಪೆಟ್ಟಿಗೆಯಾಗಿ ಬರುತ್ತದೆ. ಅದನ್ನು ತೆರೆಯಲು ಕೆ.ಡಿ.ಎಂ. ಎಂಬ ಬೀಗದ ಕೈ ಬೇರೆಯಾಗಿ ಬರಬೇಕು. ಆ ಕೈ ಒಂದು ಚಿತ್ರಕ್ಕೆ, ಒಂದೇ ಒಂದು ಸರ್ವರಿಗೆ, ಇಂತಿಷ್ಟು ದಿನಕ್ಕೆ ಮಾತ್ರ. ಅವಧಿ ಮುಗಿದ ಮೇಲೆ, ಒಳಗೆ ಜನ ತುಂಬಿದ್ದರೂ ಸರಿಯೇ, ಹೊಸ ಆಟ ಶುರುವಾಗದು. ಪ್ರತಿ ಸರ್ವರಿನ ಹೊಟ್ಟೆಯಲ್ಲೂ ಒಂದು ಪ್ರಮಾಣಪತ್ರದ ಸಂಖ್ಯೆ ಇದೆ. ಕೈ ತಯಾರಿಸುವವರ ಪಟ್ಟಿಯಲ್ಲಿ ಆ ಸಂಖ್ಯೆ ನಿಮ್ಮ ಟಾಕೀಸಿನ ಹೆಸರಿಗೆ ಏರದಿದ್ದರೆ ನೀವು ಕೊಂಡದ್ದು ಪ್ರೊಜೆಕ್ಟರಲ್ಲ, ಮಣಭಾರದ ಕಬ್ಬಿಣ.

ಹಳೆಯ ಯಂತ್ರಗಳೇನೋ ಪೇಟೆಗೆ ಬರುತ್ತಿವೆ. ಮಲ್ಟಿಪ್ಲೆಕ್ಸುಗಳು ಝೆನಾನ್ ದೀಪ ಬಿಟ್ಟು ಲೇಸರಿಗೆ ಹೋಗುತ್ತಿವೆ. ಅವರು ಹೊರಗೆ ಹಾಕಿದ್ದನ್ನು ದಲ್ಲಾಳಿಗಳು ಒರೆಸಿ, ಹೊಳಪು ಕೊಟ್ಟು ಮಾರುತ್ತಾರೆ. ದೀಪ ಎಷ್ಟು ಗಂಟೆ ಉರಿದಿದೆ ಎಂದು ಕೊಳ್ಳುವವನು ಕೇಳುತ್ತಾನೆ. ದೀಪವನ್ನು ನಾಳೆ ಬದಲಿಸಬಹುದು, ಸ್ವಾಮಿ! ಕೇಳಬೇಕಾದ್ದು ಬೇರೆ. ಮೀಡಿಯಾ ಬ್ಲಾಕ್ ಎಂಬ ಹಲಗೆಯೊಳಗೆ ಒಂದು ಪುಟ್ಟ ಬ್ಯಾಟರಿ ಇದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದು ಅದು ಸತ್ತಿದ್ದರೆ ಒಳಗಿನ ಗುಪ್ತ ಸಂಕೇತ ಅಳಿಸಿಹೋಗುತ್ತದೆ. ಆ ಹಲಗೆಯನ್ನು ಮತ್ತೆ ಎಬ್ಬಿಸುವುದು ಊರಿನ ಮೆಕ್ಯಾನಿಕ್ಕನ ಕೈಲಿಲ್ಲ, ಕಂಪನಿಗೇ ಮೊರೆಹೋಗಬೇಕು. ಇನ್ನು, ಮಾರುವವನು ನಿಜವಾಗಿ ಒಡೆಯನೇ? ನಮ್ಮ ದೇಶದ ಚಿತ್ರಮಂದಿರಗಳಲ್ಲಿ ಎಷ್ಟೋ ಯಂತ್ರಗಳು ಡಿಜಿಟಲ್ ಕಂಪನಿಗಳು ಬಾಡಿಗೆಗೆ ಕೂರಿಸಿದವು. ಬಾಡಿಗೆಯ ಮಾಲನ್ನು ಮಾರುವ ಹಕ್ಕು ಯಾರಿಗಿದೆ? ಬಿಡಿಭಾಗದ ಚಿಂತೆಯೂ ಉಂಟು: ಸೋನಿ ಕಂಪನಿ 2020ರಲ್ಲಿ ಚಿತ್ರಮಂದಿರದ ಪ್ರೊಜೆಕ್ಟರಿನ ವ್ಯಾಪಾರದಿಂದಲೇ ಹಿಂದೆ ಸರಿಯಿತು.

ಈ ಕಂಪನಿಗಳ ಕಸುಬನ್ನು ಸ್ವಲ್ಪ ನೋಡೋಣ. ಟಾಕೀಸಿನವನಿಂದ ಯಂತ್ರದ ಬಾಡಿಗೆ. ನಿರ್ಮಾಪಕನಿಂದ ವಿ.ಪಿ.ಎಫ್., ಅಂದರೆ ಇಲ್ಲದ ಪ್ರಿಂಟಿನ ಹೆಸರಿನಲ್ಲಿ ಶುಲ್ಕ. ಚಿತ್ರಕ್ಕೆ ಮುಂಚೆ ಪ್ರೇಕ್ಷಕನ ಮುಂದೆ ಹರಿಯುವ ಜಾಹೀರಾತಿನಿಂದ ಮತ್ತಷ್ಟು ಹಣ. ಯಂತ್ರದ ಬೆಲೆ ತೀರುವ ತನಕ ಮಾತ್ರ ಈ ಶುಲ್ಕ ಎಂಬುದು ಹೊರದೇಶಗಳಲ್ಲಿ ಆದ ಒಪ್ಪಂದ. ಅಲ್ಲಿ ಅದು ಮುಗಿಯುತ್ತ ಬಂತು. ಇಲ್ಲಿ ಮುಗಿಯಲಿಲ್ಲ. 2018ರ ಮಾರ್ಚಿಯಲ್ಲಿ ತಮಿಳು ನಿರ್ಮಾಪಕರು ಇದರ ವಿರುದ್ಧ ಹೊಸ ಚಿತ್ರಗಳ ಬಿಡುಗಡೆಯನ್ನೇ ನಿಲ್ಲಿಸಿ ಒಂದೂವರೆ ತಿಂಗಳು ಕುಳಿತರು; ತೆಲುಗು, ಕನ್ನಡದವರೂ ದನಿಗೂಡಿಸಿದರು. 2025ರ ಏಪ್ರಿಲಿನಲ್ಲಿ ಭಾರತ ಸ್ಪರ್ಧಾ ಆಯೋಗವು ಯು.ಎಫ್.ಓ. ಮೂವೀಸ್ ಮತ್ತು ಅದರ ಅಂಗಸಂಸ್ಥೆ ಸ್ಕ್ರ್ಯಾಬಲ್ ಡಿಜಿಟಲ್ ಮೇಲೆ ಒಟ್ಟು 2 ಕೋಟಿ 70 ಲಕ್ಷ ರೂಪಾಯಿ ದಂಡ ಹಾಕಿತು. ಬಾಡಿಗೆಗೆ ಯಂತ್ರ ಕೊಟ್ಟು, ಆ ಯಂತ್ರದಲ್ಲಿ ಬೇರೆಯವರು ಸಿದ್ಧಪಡಿಸಿದ ಚಿತ್ರ ಆಡದಂತೆ ಕರಾರು ಬರೆಸಿಕೊಂಡದ್ದು ಅದರ ಕಾರಣ. ಮೇಲ್ಮನವಿಗಳ ಗತಿ ಏನೇ ಆಗಲಿ, ಕರಾರಿನ ಒಳಗುಟ್ಟು ಹೊರಬಿದ್ದಿದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದುನಿಂತದ್ದು ಒಡೆಯನ ಕೈಯಲ್ಲಿದ್ದ ಕೊಳಗದ ಅಳತೆಯ ವಿರುದ್ಧ. ಇಲ್ಲಿ ಕೊಳಗದ ಬದಲು ಬೀಗದ ಕೈ.

ದಂಡಿನ ಭಾಗದಲ್ಲಿ ಈ ಕರಾರಿನ ಪೆಟ್ಟು ಇನ್ನೂ ಜೋರು. ಹಲಸೂರಿನಲ್ಲಿ ತಮಿಳು, ಶಿವಾಜಿನಗರದಲ್ಲಿ ಉರ್ದು, ಕೃಷ್ಣರಾಜಪುರದಲ್ಲಿ ಕನ್ನಡ, ತೆಲುಗು. ಅಲ್ಲಿಯ ಸಣ್ಣ ಟಾಕೀಸು ಬದುಕಬೇಕಾದರೆ ವಾರಕ್ಕೊಂದು ಭಾಷೆಯ ಚಿತ್ರ ಹಾಕಬೇಕು. ಒಂದೇ ಕಂಪನಿಯ ಬೀಗ ತೆರೆಯುವ ಯಂತ್ರ ಅದಕ್ಕೆ ಒಗ್ಗದು. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಮೆಟ್ರೋಗಾಗಿ ನೆಲಸಮವಾಯಿತು, ಹಲಸೂರಿನ ಲಿಡೋ ಇದ್ದಲ್ಲಿ ಮಾಲು ಎದ್ದಿತು, ಬ್ರಿಗೇಡ್ ರಸ್ತೆಯ ರೆಕ್ಸು 2018ರ ಕೊನೆಗೆ ಬಾಗಿಲು ಹಾಕಿತು. ರಸಲ್ ಮಾರುಕಟ್ಟೆಯ ಹಮಾಲಿ ಮಲ್ಟಿಪ್ಲೆಕ್ಸಿನ ಟಿಕೆಟು ಕೊಳ್ಳಬಲ್ಲನೇ?

ಕಳ್ಳಪ್ರತಿ ತಡೆಯಲು ಬೀಗ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. ಕಳ್ಳನಿಗೆ ಹಾಕಿದ ಬೀಗದಿಂದ ಮನೆಯೊಡೆಯನನ್ನೂ ಹೊರಗಿಟ್ಟರೆ ಹೇಗೆ ಎಂಬುದಷ್ಟೇ ನಮ್ಮ ತಕರಾರು. ನಮ್ಮ ಗೆಳೆಯರಲ್ಲೇ ಇನ್ನು ಕೆಲವರು, ಟಾಕೀಸಿನ ಮಾಲೀಕನೂ ಬಂಡವಳಗಾರನೇ, ಅವನಿಗಾಗಿ ನಾವೇಕೆ ಅಳಬೇಕು ಎನ್ನುತ್ತಾರೆ. ಆತ ಸಂತನೆಂದು ನಾವು ಹೇಳಿಲ್ಲ. ಗೇಟ್‌ಕೀಪರನಿಗೂ ಆಪರೇಟರನಿಗೂ ಆತ ಕೊಡುವ ಸಂಬಳ ನಮಗೆ ಗೊತ್ತು. ಆ ಜಗಳ ನಿಲ್ಲದು. ಆದರೆ ಟಾಕೀಸೇ ಮುಚ್ಚಿದ ಮೇಲೆ ಸಂಬಳ ಕೇಳುವುದು ಯಾರ ಹತ್ತಿರ?

ನಾವು ಕೇಳುವುದಿಷ್ಟು. ಯಂತ್ರ ಕೈ ಬದಲಾದರೆ ಪ್ರಮಾಣಪತ್ರದ ವರ್ಗಾವಣೆ ಕೊಂಡವನ ಹಕ್ಕಾಗಬೇಕು. ಅದಕ್ಕೆ ಸರ್ಕಾರ ನಿಯಮ ಮಾಡಲಿ. ಬೆಲೆ ತೀರಿದ ಯಂತ್ರದ ಮೇಲೆ ವಿ.ಪಿ.ಎಫ್. ನಿಲ್ಲಲಿ. ಸಣ್ಣ ಟಾಕೀಸಿನವರು ಒಬ್ಬೊಬ್ಬರಾಗಿ ದಲ್ಲಾಳಿಯ ಮನೆಗೆ ಹೋಗುವುದನ್ನು ಬಿಟ್ಟು, ಸಹಕಾರ ಸಂಘ ಮಾಡಿಕೊಂಡು ಒಟ್ಟಿಗೆ ಕೊಳ್ಳಲಿ. ರಿಪೇರಿ ಬಲ್ಲ ಹಳೆಯ ಆಪರೇಟರುಗಳನ್ನೇ ಸಂಬಳಕ್ಕಿಟ್ಟು ತರಬೇತಿ ಕೊಡಿಸಲಿ. ಅಲ್ಲಿಯ ತನಕ ಯಾರೇ ಆಗಲಿ, ಯಂತ್ರ ಬಾಡಿಗೆಯದಲ್ಲವೆಂಬ ಬರಹ ಕೈಗೆ ಬಂದು, ತಮ್ಮ ಟಾಕೀಸಿನ ಹೆಸರಿಗೆ ಬಂದ ಕೆ.ಡಿ.ಎಂ.ನಿಂದ ಒಂದು ಚಿತ್ರ ಪೂರ್ತಿ ಓಡಿದ್ದನ್ನು ಕಣ್ಣಾರೆ ನೋಡುವವರೆಗೆ ಪೂರಾ ಹಣ ಕೊಡಬಾರದು.