ಊರಿಗೊಬ್ಬ ಸ್ಮಿತ್

ಮೊನ್ನೆ ನಮ್ಮ ಮೇಜಿಗೆ ಅಣ್ಣತಮ್ಮಂದಿರಿಬ್ಬರ ಅರ್ಜಿಗಳು ಬಂದವು. ತಂದೆ ಒಬ್ಬರೇ, ಮನೆಯೂ ಒಂದೇ. ಅಡ್ಡಹೆಸರು ಮಾತ್ರ ಎರಡು! ಶಾಲೆಗೆ ಸೇರಿಸುವಾಗ ಆ ಖಾನೆಯಲ್ಲಿ ಹಿರಿಯವನಿಗೆ ಊರಿನ ಹೆಸರು ಬಿದ್ದಿತ್ತು, ಕಿರಿಯವನಿಗೆ ತಂದೆಯ ಹೆಸರು. ಮೈಸೂರು ಕಡೆಯ ಮನೆತನ. ಇನಿಷಿಯಲ್ ಬಿಟ್ಟರೆ ಅಡ್ಡಹೆಸರೆಂಬುದನ್ನು ಅವರು ಕಂಡವರೇ ಅಲ್ಲ. ಈಗ ತಾವು ಒಡಹುಟ್ಟಿದವರೆಂದು ತೋರಿಸಲು ಅಫಿಡವಿಟ್ಟು ಹಿಡಿದು ಅಲೆಯುತ್ತಿದ್ದಾರೆ.

ಈ ತೊಡಕು ನಮ್ಮದಷ್ಟೇ ಎಂದು ವಾಚಕರು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಸ್ಮಿತ್ ಎಂಬ ಹೆಸರನ್ನೇ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಲೋಹದ ಕೆಲಸದವನು, ಮುಖ್ಯವಾಗಿ ಕಮ್ಮಾರ, ಎಂದರ್ಥ. ಒಂದು ಕಾಲಕ್ಕೆ ಅಲ್ಲಿಯೂ ಜನಕ್ಕೆ ಒಂದೊಂದೇ ಹೆಸರು. 1066ರಲ್ಲಿ ನಾರ್ಮನ್ನರು ಆ ನಾಡನ್ನು ಗೆದ್ದ ಮೇಲೆ ಜಾನ್, ವಿಲಿಯಂ ಮೊದಲಾದ ಕೆಲವೇ ಹೆಸರುಗಳು ಊರೂರಿಗೂ ಹಬ್ಬಿದವು. ಯಾವ ಜಾನ್ ಎಂದು ತಿಳಿಯಲು ಜನ ಅವನ ಕಸುಬನ್ನೋ ಊರನ್ನೋ ತಂದೆಯ ಹೆಸರನ್ನೋ ಸೇರಿಸಿ ಕರೆದರು. 1377, 1379, 1381ರಲ್ಲಿ ತಲೆಗಂದಾಯ ಹಾಕಿದಾಗ ಬರೆದ ಪಟ್ಟಿಗಳಲ್ಲಿ ಇಂಥ ಹೆಸರುಗಳು ಸಾಲುಸಾಲಾಗಿವೆ. ಬರೆದವರು ನಮ್ಮಂಥ ಗುಮಾಸ್ತರೇ ಇದ್ದಿರಬೇಕು. ತಂದೆಯಿಂದ ಮಗನಿಗೆ ಇಳಿಯುತ್ತ ಅವೇ ಮನೆತನದ ಹೆಸರುಗಳಾದವು.

ಬೇಸಾಯಗಾರರೇ ತುಂಬಿದ್ದ ನಾಡಿನಲ್ಲಿ ಕಮ್ಮಾರನ ಹೆಸರೇಕೆ ಮುಂದಾಯಿತು? ಎಲ್ಲರೂ ಉಳುವ ಊರಿನಲ್ಲಿ 'ಉಳುವ ಜಾನ್' ಎಂದರೆ ಗುರುತು ಸಿಕ್ಕೀತೆ? ಕಮ್ಮಾರನಾದರೆ ಹೆಚ್ಚಾಗಿ ಊರಿಗೊಬ್ಬ. ಕುದುರೆಯ ಲಾಳಕ್ಕೂ ನೇಗಿಲಿನ ಗುಳಕ್ಕೂ ಅವನೇ ಬೇಕು. ಹೀಗೆ ಊರಿಗೊಬ್ಬನಾದವನು ನಾಡಿಗೆಲ್ಲ ಸಾವಿರಾರು ಜನವಾದ. ನಮ್ಮ ಧಾರವಾಡದ ಕಡೆಯ ಕಮ್ಮಾರ, ಬಡಿಗೇರ, ಪತ್ತಾರ ಎಂಬ ಅಡ್ಡಹೆಸರುಗಳೂ ಕಸುಬಿನಿಂದಲೇ ಬಂದವು. ಹಂಗರಿಯ ಕೊವಾಚ್, ಅರಬ್ಬರ ಹದ್ದಾದ್ ಕೂಡ ಕಮ್ಮಾರರೇ.

ಅಮೆರಿಕದ 2010ರ ಜನಗಣತಿಯಲ್ಲಿ ಸ್ಮಿತ್ ಹೆಸರಿನವರು 24 ಲಕ್ಷಕ್ಕೂ ಹೆಚ್ಚು. ಅಲ್ಲಿಯೂ ಮೊದಲ ಸ್ಥಾನ ಅದಕ್ಕೇ. ಆದರೆ ಅವರೆಲ್ಲರ ಬೇರು ಇಂಗ್ಲೆಂಡಿನಲ್ಲಿಲ್ಲ. ಜರ್ಮನಿಯಿಂದ ವಲಸೆ ಹೋದ ಎಷ್ಟೋ ಶ್ಮಿಟ್ ಮನೆತನಗಳು ಹೊಸ ನಾಡಿನಲ್ಲಿ ಸ್ಮಿತ್ ಆದವು. ಅರ್ಥ ಅದೇ ಉಳಿಯಿತು; ಆದರೆ ಎಲ್ಲಿಂದ ಬಂದವರೆಂಬ ಗುರುತು ಅಳಿಯಿತು.

ನಾವೂ ಊರು ಬಿಟ್ಟು ಬಂದವರು. ಹೆಸರಿನಲ್ಲಾದರೂ ಊರು ಉಳಿಯಲಿ ಎನ್ನುವವರುಂಟು. ತಂದೆಯ ಹೆಸರೇ ಸಾಕೆನ್ನುವವರೂ ಉಂಟು. ಎರಡೂ ಸರಿಯೇ. ಶಾಲೆಯ ಕಿಟಕಿಯ ಮುಂದೆ ನಿಂತು ಅವಸರದಲ್ಲಿ ತೀರ್ಮಾನಿಸುವುದು ಮಾತ್ರ ಬೇಡ. ಮನೆಯಲ್ಲಿ ಹಿರಿಯರೊಡನೆ ಕುಳಿತು ಒಂದನ್ನು ಗೊತ್ತುಮಾಡಿ, ಮಕ್ಕಳೆಲ್ಲರಿಗೂ ಅದನ್ನೇ, ಒಂದೇ ಕಾಗುಣಿತದಲ್ಲಿ ಬರೆಸಿರಿ. ಅದು ಎಲ್ಲಿಂದ ಬಂತೆಂಬುದನ್ನೂ ಮಕ್ಕಳಿಗೆ ಹೇಳಿರಿ. ಫಾರಮ್ಮಿನಲ್ಲಿ ಅದಕ್ಕೆ ಖಾನೆಯಿಲ್ಲ.